ಎಡ ಮುಂಚಕ್ರದ ಸದ್ದು: ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಬ್ರೇಕ್ ಗ್ಯಾರೇಜಿನಲ್ಲಿ ನನಗಾದ ಅನುಭವ

ಬ್ರೇಕು ಸದ್ದು ಮಾಡುತ್ತಿದೆ ಎಂದು ಬಾಯಿ ಬಿಟ್ಟ ತಕ್ಷಣ ಹೊಸ ಪ್ಯಾಡಿನ ಡಬ್ಬಿಗೆ ಕೈ ಹಾಕದ ಗ್ಯಾರೇಜು ನಿಮಗೆ ಬೇಕಾಗಿದ್ದರೆ ಇಲ್ಲಿಗೆ ಹೋಗಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಳಗಡೆ ಇದೆ. ನಾನು ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಕೆಲಸಕ್ಕೆ ಮಾತ್ರ ಅಂಕ ಹಾಕುವುದಾದರೆ ಐದೂ ಕೊಡುತ್ತಿದ್ದೆ. ಒಂದು ಯಾಕೆ ಕಡಿಮೆಯಾಯಿತು ಎನ್ನುವುದನ್ನೂ ಬರೆಯುತ್ತೇನೆ, ಅದು ಹೆಂಗಸರು ಓದಲೇಬೇಕಾದ ವಿಷಯ.

ನಮ್ಮ ಮನೆ ಇರುವುದು ರಿಪ್ಪನ್‌ಪೇಟೆ ಹತ್ತಿರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಅಂಗಡಿಗಳಿಗೆ ನಾನೇ ಕೊಂಡೊಯ್ದು ಹಾಕುತ್ತೇನೆ. ಗಾಡಿ ಸಣ್ಣ ಹ್ಯಾಚ್‌ಬ್ಯಾಕು, ಪೆಟ್ರೋಲ್. ಮುಂದೆ ಡಿಸ್ಕ್ ಬ್ರೇಕು (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡು), ಹಿಂದೆ ಡ್ರಮ್ ಬ್ರೇಕು. ಹಿಂದಿನ ಸೀಟು ಮಡಚಿದರೆ ಗಾಜಿನ ಬಾಟಲಿಯ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂರುತ್ತವೆ. ಒಂದು ದಿಕ್ಕಿಗೆ ಆಯನೂರು ಮೇಲೆ ಶಿವಮೊಗ್ಗ. ಇನ್ನೊಂದು ದಿಕ್ಕಿಗೆ ಹೊಸನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರ. ಹುಲಿಕಲ್ ಘಾಟಿ ಗೊತ್ತಿದ್ದವರಿಗೆ ನಾನು ಬ್ರೇಕಿನ ಬಗ್ಗೆ ಇಷ್ಟು ಉದ್ದ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳಬೇಕಿಲ್ಲ. ತಿರುವುಗಳು ಕಡಿದು, ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ, ಮಳೆಗಾಲದಲ್ಲಿ ಹತ್ತು ಮಾರು ಮುಂದೆ ಕಾಣದಂಥ ಮಂಜು. ಹಿಂದೆ ಗಾಜಿನ ಲೋಡು.

ಸದ್ದು ಎರಡು ಥರ ಇತ್ತು. ಊರೊಳಗೆ, ಹಂಪು ಬಂತು ಅಂತ ಕಾಲನ್ನು ಬ್ರೇಕಿನ ಮೇಲೆ ಹಗುರವಾಗಿ ಇಟ್ಟಾಗ ಎಡಗಡೆಯಿಂದ ಕೀಂ ಎಂದು ಸಣ್ಣಗೆ ಎಳೆಯುತ್ತಿತ್ತು. ಗಟ್ಟಿಯಾಗಿ ಒತ್ತಿದರೆ ಇಲ್ಲ. ಇನ್ನೊಂದು, ಹೊಂಡದ ರಸ್ತೆಯಲ್ಲಿ ಬ್ರೇಕು ಮುಟ್ಟದೆ ಹೋಗುವಾಗ ಕಟಕಟ ಎನ್ನುವ ಸದ್ದು. ಬಾಟಲಿಗಳು ಒಂದಕ್ಕೊಂದು ತಾಗುತ್ತಿವೆ ಅಂತ ನಮ್ಮ ಮನೆಯವರು ಹೇಳುತ್ತಿದ್ದರು. ಪೆಟ್ಟಿಗೆಯ ನಡುವೆ ಭತ್ತದ ಹುಲ್ಲು ತುರುಕಿದ ಮೇಲೂ ಕಟಕಟ ಹಾಗೇ ಇತ್ತು. ಗಾಜಿನ ಸದ್ದು ನನಗೆ ಗೊತ್ತು, ಇದು ಕಬ್ಬಿಣದ್ದು.

ಇದಕ್ಕೆ ಮೊದಲು ಬೇರೆ ಕಡೆ ತೋರಿಸಿದ್ದೆ. ಆ ಜಾಗಗಳ ಹೆಸರು ಇಲ್ಲಿ ಬೇಡ. ಒಂದು ಕಡೆ ಮುಂದಿನ ಪ್ಯಾಡು ಹೊಸದು ಹಾಕಿ, ಡಿಸ್ಕನ್ನು ಲೇತಿಗೆ ಹಾಕಿಸಿ ಕೊಟ್ಟರು. ಸದ್ದು ಹೋಯಿತು, ಸ್ವಲ್ಪ ಸಮಯದ ಮೇಲೆ ವಾಪಸು ಬಂತು. ಇನ್ನೊಂದು ಕಡೆ ಪ್ಯಾಡು ಬಿಚ್ಚಿ ಎಮೆರಿ ಪೇಪರಿನಲ್ಲಿ ಉಜ್ಜಿ ಹಾಕಿದರು. ಆಮೇಲೊಬ್ಬರು ಗಾಡಿ ಎತ್ತದೆ, ಚಕ್ರ ಬಿಚ್ಚದೆ, ಎರಡೂ ಡಿಸ್ಕು, ಪ್ಯಾಡು, ಒಂದು ಕ್ಯಾಲಿಪರು (ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಸೇರಿ ₹11,000 ಎಂದು ಚೀಟಿ ಬರೆದು ಕೊಟ್ಟರು. ಹಣ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ಏನಾಗಿದೆ ಎಂದು ಕೇಳಿದರೆ "ಹಳೇದಾಯ್ತು ಮೇಡಂ" ಎನ್ನುವ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಉಪ್ಪಿನಕಾಯಿ ಹುಳಿ ಬಂದಿದೆ ಎಂದು ಅಂಗಡಿಯವರು ವಾಪಸು ಕೊಟ್ಟರೆ, ಉಪ್ಪು ಕಡಿಮೆಯಾಯಿತಾ, ಮಿಡಿಗೆ ಪೆಟ್ಟು ಬಿದ್ದಿತ್ತಾ, ಮುಚ್ಚಳ ಸರಿ ಕೂತಿರಲಿಲ್ಲವಾ ಎಂದು ಕಂಡುಹಿಡಿಯುವವರೆಗೆ ನಾನು ಮುಂದಿನ ಭರಣಿ ತೆರೆಯುವುದಿಲ್ಲ. ದುಡ್ಡು ಕೊಟ್ಟು ಮಾಡಿಸುವ ಕೆಲಸದಲ್ಲೂ ಅಷ್ಟನ್ನು ನಿರೀಕ್ಷಿಸುತ್ತೇನೆ.

ಈ ಗ್ಯಾರೇಜಿನ ಬಗ್ಗೆ ಹೇಳಿದವರು ಶಿವಮೊಗ್ಗದಲ್ಲಿ ನಮ್ಮ ಹಪ್ಪಳ ತೆಗೆದುಕೊಳ್ಳುವ ದಿನಸಿ ಅಂಗಡಿಯವರು.

ಮೇಸ್ತ್ರಿಗೆ ಐವತ್ತರ ಮೇಲೆ ವಯಸ್ಸಿರಬಹುದು. ಜೊತೆಗೆ ಕೆಲಸ ಕಲಿಯುವ ಇಬ್ಬರು ಹುಡುಗರು. ನಾನು ಸದ್ದಿನ ವಿಷಯ ಹೇಳಿದಾಗ ಅವರು ಬಾನೆಟ್ಟೂ ಎತ್ತಲಿಲ್ಲ, ಚಕ್ರದ ಹತ್ತಿರವೂ ಹೋಗಲಿಲ್ಲ. ಸ್ಟೂಲು ಎಳೆದು ಕೂತು ಕೇಳತೊಡಗಿದರು.

"ಅಕ್ಕ, ಬೆಳಿಗ್ಗೆ ಗಾಡಿ ತೆಗೆದ ಕೂಡ್ಲೇ ಬರ್ತದಾ, ಓಡಿಸಿ ಬಿಸಿಯಾದ ಮೇಲೆ ಬರ್ತದಾ?"

"ಬಿಸಿಯಾದ ಮೇಲೇ ಜಾಸ್ತಿ."

"ಬ್ರೇಕ್ ಒತ್ತಿದಾಗ್ಲಾ, ಒತ್ತದೇ ಇದ್ದಾಗ್ಲೂ ಉಂಟಾ?"

"ಕೀಂ ಅನ್ನೋದು ಒತ್ತಿದಾಗ. ಕಟಕಟ ಅನ್ನೋದು ಒತ್ತದೇ ಇದ್ದಾಗ."

"ಸ್ಟೇರಿಂಗ್ ತಿರುಗಿಸಿದ್ರೆ ಬದಲಾಗ್ತದಾ? ರಿವರ್ಸ್ ತಗೊಂಡ್ರೆ? ಪೆಡಲು ಕಾಲಿಗೆ ನಡುಗ್ತದಾ? ಬ್ರೇಕ್ ಹಾಕಿದ್ರೆ ಗಾಡಿ ಒಂದ್ ಕಡೆ ಎಳೀತದಾ?"

ಪ್ರತಿ ಪ್ರಶ್ನೆಗೂ ಒಂದು ಕಾರಣ ಇತ್ತು. ಯಾಕೆ ಕೇಳುತ್ತಿದ್ದೀರಿ ಎಂದಾಗ ಅವರು ಬೇಸರ ಮಾಡಿಕೊಳ್ಳದೆ ಬಿಡಿಸಿ ಹೇಳಿದರು. ಅವರು ಹೇಳಿದ್ದರಲ್ಲಿ ನನಗೆ ನೆನಪಿರುವಷ್ಟನ್ನು ಇಲ್ಲಿ ಹಾಕುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಬೆಳಿಗ್ಗೆ ಮಾತ್ರ, ಅದೂ ಮಳೆ ಬಂದ ಮರುದಿನ ಗರ್ ಎಂದು ಬಂದು ನಾಲ್ಕೈದು ಸಲ ಬ್ರೇಕು ಹಾಕಿದ ಮೇಲೆ ಹೋದರೆ ಅದು ರೋಗವಲ್ಲ. ಡಿಸ್ಕು ಬರಿಯ ಎರಕದ ಕಬ್ಬಿಣ, ಮೇಲೆ ಬಣ್ಣವಿಲ್ಲ. ಒಂದು ರಾತ್ರಿ ನೆಂದರೂ ತೆಳ್ಳಗೆ ತುಕ್ಕು ಕೂರುತ್ತದೆ, ಪ್ಯಾಡು ಅದನ್ನು ಉಜ್ಜಿ ತೆಗೆಯುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಎಲ್ಲರ ಮನೆಯ ಗಾಡಿಯಲ್ಲೂ ಇರುವುದೇ. ಬ್ರೇಕು ಒತ್ತಲಿ ಬಿಡಲಿ ತಗಡು ಕೆರೆದ ಹಾಗೆ ಒಂದೇ ಸಮ ಸದ್ದು ಬಂದರೆ ಡಿಸ್ಕಿಗೂ ಅದರ ಹಿಂದಿರುವ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಜಲ್ಲಿ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ಇದು ಮಾಮೂಲು. ಕೆಲವು ಸಲ ಸ್ವಲ್ಪ ರಿವರ್ಸ್ ತೆಗೆದರೇ ಬಿದ್ದು ಹೋಗುತ್ತದೆ. ವೇಗ ಹೆಚ್ಚಿದಂತೆ ಗುಂಯ್ ಎನ್ನುವುದು ಹೆಚ್ಚಿ, ಒಂದು ಕಡೆಗೆ ತಿರುಗಿದಾಗ ಜೋರಾಗಿ ಇನ್ನೊಂದು ಕಡೆಗೆ ತಿರುಗಿದಾಗ ಕಡಿಮೆಯಾದರೆ ಅದು ಬ್ರೇಕಲ್ಲ, ಚಕ್ರದ ಬೇರಿಂಗು. ಬ್ರೇಕು ಹಾಕಿದಾಗ ಪೆಡಲು ಕಾಲನ್ನು ಹಿಂದಕ್ಕೆ ತಳ್ಳಿ ತಳ್ಳಿ ನಡುಗಿದರೆ ಡಿಸ್ಕು ಸಮವಾಗಿಲ್ಲ. ಚಕ್ರದ ನಟ್ಟುಗಳನ್ನು ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ ಬಿಗಿದರೂ ಬರಬರುತ್ತಾ ಹೀಗೆ ಆಗುವುದುಂಟು. ಮುಂದಿನಿಂದ ರಿವರ್ಸಿಗೆ ಬದಲಿಸಿ ಮೊದಲ ಸಲ ಬ್ರೇಕು ಹಾಕಿದಾಗ ಮಾತ್ರ ಟಕ್ ಎಂದು ಒಂದೇ ಸಲ ಬಂದರೆ ಪ್ಯಾಡು ತನ್ನ ಜಾಗದಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಯುವ ಸದ್ದು.

ಕಿವಿಗೆ ಕಿರುಚಿದ ಹಾಗೆ ಕೇಳುವ ಕೀಂ ಸದ್ದಿನ ಬಗ್ಗೆ ಹೆಚ್ಚು ಹೇಳಿದರು. ಅನೇಕ ಪ್ಯಾಡುಗಳ ಒಂದು ಅಂಚಿನಲ್ಲಿ ಸಣ್ಣ ಸ್ಪ್ರಿಂಗು ತಗಡು ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಸವೆದಾಗ ಆ ತಗಡು ಡಿಸ್ಕಿಗೆ ತಾಗಿ ಕಿರುಚುತ್ತದೆ. ಬೇಕೆಂದೇ ಇಟ್ಟ ಎಚ್ಚರಿಕೆ ಅದು. ಅದನ್ನು ಕೇಳಿಸಿಕೊಳ್ಳದೆ ಓಡಿಸಿದರೆ ಆಮೇಲೆ ಗರಗರ ಶುರುವಾಗುತ್ತದೆ, ಪ್ಯಾಡಿನ ಬೆನ್ನಿನ ಕಬ್ಬಿಣವೇ ಡಿಸ್ಕನ್ನು ಕೊರೆಯುತ್ತಿರುತ್ತದೆ. ಆಗ ಗಾಡಿ ನಿಲ್ಲಿಸಬೇಕು, ಮನೆವರೆಗೆ ಹೋಗೋಣ ಅನ್ನಬಾರದು. ಆದರೆ ನನ್ನ ಪ್ಯಾಡುಗಳು ಹಾಕಿಸಿ ಬಹಳ ಕಾಲ ಆಗಿರಲಿಲ್ಲ. ಹಾಗಾಗಿ ಅವರಿಗೆ ಅನುಮಾನ ಬಂದದ್ದು ಬೇರೆ ಕಡೆ.

ಮಾತು ಮುಗಿದ ಮೇಲೆ ಟ್ರಯಲ್. ಮೊದಲು ಹುಡುಗರ ಕೈಯಲ್ಲಿ ನನ್ನ ಪೆಟ್ಟಿಗೆಗಳನ್ನೆಲ್ಲ ಇಳಿಸಿದರು, ಜಾಕು, ಸ್ಪ್ಯಾನರಿನ ಚೀಲ, ಡ್ಯಾಶ್‌ಬೋರ್ಡಿನ ಮೇಲಿದ್ದ ಚಿಲ್ಲರೆ ಡಬ್ಬಿ ಕೂಡ. ಬಾಟಲಿಗಳನ್ನು ಮಗುವನ್ನು ಎತ್ತಿದಷ್ಟು ಜೋಪಾನವಾಗಿ ಇಳಿಸಿ ನೆರಳಲ್ಲಿ ಇಟ್ಟರು, ಅದು ನನಗೆ ಬಹಳ ಇಷ್ಟವಾಯಿತು. ಓಡಿಸಲು ನನ್ನನ್ನೇ ಕೂರಿಸಿದರು. "ನಿಮ್ಮ ಕಾಲಿಗೆ ಬರೋ ಸದ್ದು ನನ್ನ ಕಾಲಿಗೆ ಬರ್ಲಿಕ್ಕಿಲ್ಲ" ಎಂದು ತಾವು ಪಕ್ಕದಲ್ಲಿ ಕೂತರು. ಕಿಟಕಿ ಗಾಜು ಇಳಿಸಿ, ಉದ್ದ ಕಾಂಪೌಂಡ್ ಗೋಡೆಗೆ ಎಡ ಮಗ್ಗುಲು ಬರುವ ಹಾಗೆ ನಿಧಾನ ಓಡಿಸಿ ಅಂದರು. ಚಕ್ರದ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ, ಒಳಗೆ ಕೂತವರಿಗೆ ಚೆನ್ನಾಗಿ ಕೇಳುತ್ತದೆ. ಹಗುರ ಬ್ರೇಕಿಗೆ ಕೀಂ ಅಂತು. ಆಮೇಲೆ ಹೊಂಡ ಇರುವ ಕಡೆ ಕರೆದುಕೊಂಡು ಹೋಗಿ, ಕಟಕಟ ಶುರುವಾದ ಕೂಡಲೇ "ಈಗ ಬ್ರೇಕಿನ ಮೇಲೆ ಕಾಲು ಸುಮ್ನೆ ಇಡಿ, ನಿಲ್ಲಿಸ್ಬೇಡಿ" ಅಂದರು. ಕಾಲು ಇಟ್ಟೆ. ಕಟಕಟ ನಿಂತಿತು. ಕಾಲು ತೆಗೆದೆ. ಮತ್ತೆ ಶುರು.

ಅಷ್ಟು ಹೊತ್ತು ಗಂಭೀರವಾಗಿದ್ದ ಮನುಷ್ಯ ಅಲ್ಲಿ ಮುಖ ಅರಳಿಸಿದರು. ಶಾಕಾಬ್ಸರು, ಬುಷ್ಷು, ಬಾಲ್ ಜಾಯಿಂಟು ಸಡಿಲವಾಗಿದ್ದರೆ ಬ್ರೇಕಿನ ಮೇಲೆ ಇಷ್ಟು ಹಗುರ ಕಾಲಿಟ್ಟಿದ್ದಕ್ಕೆ ಸದ್ದು ಹೀಗೆ ಪೂರ್ತಿ ನಿಲ್ಲುವುದಿಲ್ಲ. ನಿಂತಿತು ಎಂದರೆ ಕುಣಿಯುತ್ತಿದ್ದದ್ದು ಪ್ಯಾಡೇ, ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರು. ಬ್ರೇಕು ಅದನ್ನು ಡಿಸ್ಕಿಗೆ ಒತ್ತಿ ಹಿಡಿದ ಕೂಡಲೇ ಕುಣಿತ ನಿಲ್ಲುತ್ತದೆ. ಖರ್ಚಿಲ್ಲದ ಪರೀಕ್ಷೆ, ಯಾರು ಬೇಕಾದರೂ ಖಾಲಿ ರಸ್ತೆಯಲ್ಲಿ ಮಾಡಿ ನೋಡಬಹುದು.

ವಾಪಸು ಬಂದು ಗಾಡಿ ನಿಲ್ಲಿಸುತ್ತಲೇ ಒಬ್ಬ ಹುಡುಗ ತಾಪ ನೋಡುವ ಗನ್ನು ಹಿಡಿದು ಬಂದ. ಬಲ ಮುಂದಿನ ಡಿಸ್ಕು 71 ಡಿಗ್ರಿ, ಎಡದ್ದು 118. ಎರಡೂ ಒಂದೇ ರಸ್ತೆಯಲ್ಲಿ, ಒಂದೇ ಕಾಲಿನ ಒತ್ತಡದಲ್ಲಿ ಓಡಿದ್ದು. ಇಷ್ಟು ವ್ಯತ್ಯಾಸ ಬರಬೇಕಾದರೆ ಎಡಗಡೆಯದು ಬ್ರೇಕು ಬಿಟ್ಟ ಮೇಲೂ ಹಿಡಿದೇ ಇರಬೇಕು.

ಇಲ್ಲಿಂದ ಮುಂದೆ ನಡೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ದೂರ ಹೋಗಿ ಕೂರಿ ಅಂತ ಯಾರೂ ಹೇಳಲಿಲ್ಲ. ಮುಂಭಾಗ ಜಾಕಿನಲ್ಲಿ ಎತ್ತಿ ಕೆಳಗೆ ಸ್ಟ್ಯಾಂಡು ಕೊಟ್ಟರು (ಬರೀ ಜಾಕಿನ ಮೇಲೆ ಗಾಡಿ ಬಿಟ್ಟು ಕೆಳಗೆ ಕೈ ಹಾಕುವವರನ್ನು ನೋಡಿದ್ದೇನೆ, ಇಲ್ಲಿ ಹಾಗಲ್ಲ). ಕೈಯಲ್ಲಿ ತಿರುಗಿಸಿದರೆ ಬಲ ಚಕ್ರ ಸಲೀಸಾಗಿ ಸುತ್ತಿತು, ಎಡದ್ದು ಅರ್ಧ ಸುತ್ತಿಗೇ ನಿಂತಿತು. ಆಗ ಕ್ಯಾಲಿಪರಿನ ಹಿಂದಿರುವ, ಬ್ರೇಕಿನ ಏರ್ ತೆಗೆಯುವ ನಿಪ್ಪಲ್ಲನ್ನು ಒಂದು ಚೂರು ಸಡಿಲಿಸಿ, ಎರಡು ಹನಿ ಆಯಿಲು ಹೊರಗೆ ಬಿಟ್ಟು, ಮತ್ತೆ ಚಕ್ರ ತಿರುಗಿಸಿದರು. ಅದು ಬಿಗಿಯಾಗಿಯೇ ಇತ್ತು. ನಿಪ್ಪಲ್ಲು ಸಡಿಲಿಸಿದಾಗ ಚಕ್ರ ಬಿಟ್ಟಿದ್ದರೆ ಆಯಿಲಿನ ಒತ್ತಡ ಒಳಗೇ ನಿಂತಿದೆ ಅಂತ, ಅಂದರೆ ಆಯಿಲು ಹರಿಯುವ ರಬ್ಬರ್ ಹೋಸು ಒಳಗಿಂದ ಕಟ್ಟಿಕೊಂಡಿದೆ ಅಥವಾ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನಲ್ಲಿ ತೊಂದರೆ. ಬಿಡದೇ ಇದ್ದದ್ದರಿಂದ ಕಾರಣ ಚಕ್ರದ ಹತ್ತಿರವೇ ಇದೆ, ಲೋಹದ್ದು. ಒಂದು ಸಣ್ಣ ಸ್ಪ್ಯಾನರಿನ ಅರ್ಧ ತಿರುವಿನಲ್ಲಿ ಗಾಡಿಯ ಅರ್ಧ ಬ್ರೇಕ್ ವ್ಯವಸ್ಥೆಯನ್ನೇ ಅನುಮಾನದಿಂದ ಹೊರಗಿಟ್ಟರು. ನನಗೆ ಈ ಗ್ಯಾರೇಜಿನ ಮೇಲೆ ನಂಬಿಕೆ ಬಂದದ್ದು ಆ ಗಳಿಗೆಯಲ್ಲಿ.

ಕ್ಯಾಲಿಪರು ಬಿಚ್ಚಿದರು. ಪಿಸ್ಟನ್ನನ್ನು ಕ್ಲ್ಯಾಂಪಿನಲ್ಲಿ ಒತ್ತಿ ನೋಡಿದರೆ ಸರಾಗವಾಗಿ ಒಳಗೆ ಹೋಯಿತು, ಅದರ ತಪ್ಪಿಲ್ಲ. ಪ್ಯಾಡು ಹೊರಗೆ ತೆಗೆದಾಗ ನನ್ನಂಥವಳಿಗೂ ಅರ್ಥವಾಯಿತು. ಹೊರಗಿನ ಪ್ಯಾಡು ಹೆಚ್ಚುಕಮ್ಮಿ ಹೊಸದರ ಹಾಗೆ. ಒಳಗಿನದು ಒಂದು ತುದಿಯಲ್ಲಿ ಮೂರು ಮಿಲಿಮೀಟರು, ಇನ್ನೊಂದು ತುದಿಯಲ್ಲಿ ಅದಕ್ಕಿಂತ ದಪ್ಪ, ಓರೆಯಾಗಿ ಸವೆದಿತ್ತು.

ಇಂಥ ಕ್ಯಾಲಿಪರಿನಲ್ಲಿ ಪಿಸ್ಟನ್ನು ಇರುವುದು ಒಳಗಡೆ ಮಾತ್ರ. ಬ್ರೇಕು ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಲು ತೆಗೆದಾಗ ಅದೇ ಪಿನ್ನಿನ ಮೇಲೆ ಹಿಂದೆ ಸರಿಯಬೇಕು. ಪಿನ್ನು ಜಾರದಿದ್ದರೆ ಒಳಗಿನ ಪ್ಯಾಡೊಂದೇ ಎಲ್ಲ ಕೆಲಸ ಮಾಡಬೇಕು, ಮತ್ತು ಬಿಡುವುದೂ ಇಲ್ಲ. ನನ್ನ ಗಾಡಿಯ ಮೇಲಿನ ಪಿನ್ನು ಜಾರುತ್ತಿತ್ತು, ಕೆಳಗಿನದು ಕೈಯಲ್ಲಿ ಎಳೆದರೆ ಬರಲಿಲ್ಲ. ಹಿಡಿತದ ಪ್ಲೈಯರಿನಲ್ಲಿ ಆಚೀಚೆ ತಿರುಗಿಸಿ ತೆಗೆದರು. ಆ ಪಿನ್ನಿನ ತುದಿಯಲ್ಲಿ ಒಂದು ಸಣ್ಣ ರಬ್ಬರ್ ಬುಷ್ಷು. ಅದು ಮಳೆಗಾಲದ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಉಬ್ಬಿ ಕಚ್ಚಿಕೊಂಡಿತ್ತು. ಮೇಲೆ ಹಳದಿ ಗ್ರೀಸು ಮೆತ್ತಿತ್ತು.

ಮೇಸ್ತ್ರಿ ಆ ಗ್ರೀಸನ್ನು ಬೆರಳಲ್ಲಿ ಉಜ್ಜಿ ನನಗೆ ತೋರಿಸಿದರು. ಬೇರಿಂಗಿಗೆ, ಬಾಗಿಲಿಗೆ ಹಾಕುವ ಸಾಮಾನ್ಯ ಗ್ರೀಸು ಪೆಟ್ರೋಲಿಯಂನಿಂದ ಮಾಡಿದ್ದು. ಬ್ರೇಕಿನ ರಬ್ಬರಿಗೆ ಅದು ಆಗುವುದಿಲ್ಲ, ಹೀರಿಕೊಂಡು ಉಬ್ಬುತ್ತದೆ. ಪಿನ್ನಿಗೆ ಸಿಲಿಕೋನ್ ಗ್ರೀಸು ಹಾಕಬೇಕು. ಹಿಂದೆ ಪ್ಯಾಡು ಬದಲಿಸಿದ ಜಾಗದಲ್ಲಿ ಕೈಗೆ ಸಿಕ್ಕ ಗ್ರೀಸು ಹಾಕಿದ್ದಾರೆ. ಇನ್ನೂ ಒಂದು ಸಂಗತಿ. ಪ್ಯಾಡಿನ ಎರಡು ಕಿವಿಗಳು ಕೂರುವ ಜಾಗದಲ್ಲಿ ಸ್ಟೀಲಿನ ತೆಳು ಕ್ಲಿಪ್ಪುಗಳು ಇರಬೇಕು, ಪ್ಯಾಡಿನ ಬೆನ್ನಿಗೆ ತೆಳು ತಗಡಿನ ಶಿಮ್ಮು ಇರಬೇಕು. ಎಡಗಡೆಯಲ್ಲಿ ಎರಡೂ ಇರಲಿಲ್ಲ! ಕ್ಲಿಪ್ಪಿಲ್ಲದೆ ಪ್ಯಾಡು ಹೊಂಡದಲ್ಲಿ ಕುಣಿಯುತ್ತದೆ, ಅದೇ ಕಟಕಟ. ಓರೆ ಸವೆದ ಪ್ಯಾಡು ಹಗುರ ಒತ್ತಡದಲ್ಲಿ ಡಿಸ್ಕಿಗೆ ಪೂರ್ತಿ ಕೂರದೆ ಕಂಪಿಸುತ್ತದೆ, ಆ ಕಂಪನ ತಡೆಯಬೇಕಾದ ಶಿಮ್ಮೂ ಇಲ್ಲ, ಅದೇ ಕೀಂ. ಗಟ್ಟಿ ಒತ್ತಿದಾಗ ಕಂಪಿಸಲು ಜಾಗವಿರುವುದಿಲ್ಲ, ಅದಕ್ಕೇ ಸದ್ದು ನಿಲ್ಲುತ್ತಿದ್ದದ್ದು. ಎಮೆರಿ ಉಜ್ಜಿದಾಗ ಕೆಲವು ದಿನ ಸುಮ್ಮನಾದದ್ದೂ, ಮತ್ತೆ ಬಂದದ್ದೂ ಯಾಕೆ ಎಂದು ಆಗ ತಿಳಿಯಿತು.

ಘಾಟಿಯ ವಿಷಯ ನಾನೇ ಕೇಳಿದೆ. ಹೀಗೇ ಓಡಿಸಿದ್ದರೆ ಏನಾಗುತ್ತಿತ್ತು? ಅವರು ಹೆದರಿಸಲಿಲ್ಲ, ಸುಳ್ಳೂ ಹೇಳಲಿಲ್ಲ. ಹಿಡಿದೇ ಇರುವ ಬ್ರೇಕಿನೊಂದಿಗೆ ಲೋಡು ಹೊತ್ತು ಘಾಟಿ ಇಳಿದರೆ ಆ ಒಂದು ಚಕ್ರ ಉಳಿದವಕ್ಕಿಂತ ಬಹಳ ಬಿಸಿಯಾಗುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವ ಎಳೆದುಕೊಳ್ಳುವ ಗುಣದ್ದು. ಡಾಟ್ 4 ಎನ್ನುವ ದರ್ಜೆಯ ಆಯಿಲು ಹೊಸದಿರುವಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ ಆಯಿಲಿಗೆ ಅದೇ ಗುಣಮಟ್ಟದಲ್ಲಿ ಇರುವ ಮಿತಿ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಕ್ಯಾಲಿಪರಿನೊಳಗೆ ಆಯಿಲು ಕುದ್ದರೆ ಆವಿಯ ಗುಳ್ಳೆ ಏಳುತ್ತದೆ, ಆವಿ ಅದುಮಿಕೊಳ್ಳುತ್ತದೆ, ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲು ಬದಲಿಸಲೇಬೇಕು ಎನ್ನುವುದು ಅವರ ಕಟ್ಟುನಿಟ್ಟು. ಘಾಟಿ ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಬೇಕು ಎಂದು ನನಗೆ ಡ್ರೈವಿಂಗ್ ಕಲಿಸಿದ ಅಣ್ಣ ಹೇಳುತ್ತಿದ್ದ ಮಾತನ್ನೇ ಅವರೂ ಹೇಳಿದರು. ನಾನು ಹುಲಿಕಲ್ಲಿನಲ್ಲಿ ಎರಡನೇ ಗೇರು, ಕಡಿದು ತಿರುವಿನಲ್ಲಿ ಒಂದನೇ ಗೇರು ಎಂದಾಗ ತಲೆಯಾಡಿಸಿದರು.

ಈಗ ಕೆಲಸ ಮತ್ತು ದುಡ್ಡಿನ ಮಾತು. ಡಿಸ್ಕು ಬದಲಿಸಬೇಕಾ ಎಂದು ನಾನೇ ಕೇಳಿದೆ, ಯಾಕೆಂದರೆ ₹11,000ದ ಚೀಟಿ ಇನ್ನೂ ಪರ್ಸಿನಲ್ಲಿತ್ತು. ಮೇಸ್ತ್ರಿ ಡಿಸ್ಕಿನ ದಪ್ಪವನ್ನು ಅಳತೆಯ ಮೀಟರಿನಲ್ಲಿ ಬೇರೆ ಬೇರೆ ಕಡೆ ಹಿಡಿದು ನೋಡಿದರು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಅಚ್ಚು ಹಾಕಿರುತ್ತಾರೆ. ತುಕ್ಕು ಉಜ್ಜಿ ನನಗೂ ಓದಿಸಿದರು. ಮಿತಿಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಉಳಿದಿತ್ತು, ಬಿರುಕಿಲ್ಲ, ಸಮವಾಗಿದೆ. "ಇದನ್ನ ಎಸೆಯೋದು ಪಾಪ" ಎಂದು ಬಿಟ್ಟರು. ಕ್ಯಾಲಿಪರೂ ಅದೇ ಉಳಿಯಿತು. ಮುಂದಿನ ಎರಡೂ ಚಕ್ರದ ಪ್ಯಾಡು ಮಾತ್ರ ಒಟ್ಟಿಗೆ ಹೊಸದು. ಒಂದು ಕಡೆ ಮಾತ್ರ ಬದಲಿಸಿದರೆ ಗಾಡಿ ಎಳೆಯುತ್ತದೆ, ಅದು ಮಾಡಬಾರದ ಕೆಲಸ.

ಪ್ಯಾಡಿನಲ್ಲಿ ಆಯ್ಕೆ ಕೊಟ್ಟರು. ಲೋಹದ ಪುಡಿ ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡು ಬಿಸಿ ತಡೆಯುತ್ತದೆ, ಆದರೆ ಸದ್ದೂ ಧೂಳೂ ಸ್ವಲ್ಪ ಹೆಚ್ಚು. ಸೆರಾಮಿಕ್ ಸದ್ದಿಲ್ಲದ್ದು, ಕಪ್ಪು ಧೂಳು ಕಡಿಮೆ, ಬೆಲೆ ಹೆಚ್ಚು. ನನ್ನ ಗಾಡಿಗೆ ಕಂಪನಿಯಿಂದ ಬಂದ ಥರದ್ದೇ ಸಾಕು ಎಂದರು. ಸೀಲು ಇರುವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬೆಲೆ ನೋಡಿಸಿ ಒಡೆದರು.

ಬಿಲ್ಲು ಇಲ್ಲಿದೆ: ಮುಂದಿನ ಪ್ಯಾಡ್ ಸೆಟ್ಟು ಶಿಮ್ಮು ಸಮೇತ ₹1,650, ಕ್ಲಿಪ್ ಸೆಟ್ಟು ₹280, ಪಿನ್ನಿನ ಬೂಟು (ರಬ್ಬರ್ ಮುಸುಕು) ಮತ್ತು ಬುಷ್ಷಿನ ಕಿಟ್ಟು ₹340, ಡಾಟ್ 4 ಆಯಿಲು ₹260, ಕೂಲಿ ₹900. ಒಟ್ಟು ₹3,430. ಆ ಕೂಲಿಯಲ್ಲಿ ಟ್ರಯಲ್ಲು, ಎರಡೂ ಕಡೆಯ ಪಿನ್ನು ಸ್ವಚ್ಛ ಮಾಡಿದ್ದು, ನಾಲ್ಕೂ ಚಕ್ರದ ಏರ್ ತೆಗೆದು ಆಯಿಲು ಬದಲಿಸಿದ್ದು, ಹಿಂದಿನ ಡ್ರಮ್ಮು ಬಿಚ್ಚಿ ಕೆಂಪು ಮಣ್ಣು ತೆಗೆದು ಲೈನರು (ಡ್ರಮ್ಮಿಗೆ ಒಳಗಿಂದ ಒತ್ತುವ ಪಟ್ಟಿ) ನೋಡಿ ಹ್ಯಾಂಡ್‌ಬ್ರೇಕು ಸರಿ ಮಾಡಿದ್ದು ಎಲ್ಲ ಸೇರಿದೆ. ಕೇಳದೆಯೇ ಹಳೆಯ ಪ್ಯಾಡುಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು.

ಚಿಕ್ಕದೆಂದು ಕಂಡರೂ ನಾನು ಗಮನಿಸಿದ ಇನ್ನೆರಡು ವಿಷಯ. ಬ್ರೇಕಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ಹಾರಿಸಲಿಲ್ಲ, ಸ್ಪ್ರೇ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆ ಧೂಳು ಉಸಿರಿಗೆ ಹೋಗಬಾರದು, ಹುಡುಗರು ದಿನಾ ಇಲ್ಲೇ ಇರುವವರು ಎಂದು ಮೇಸ್ತ್ರಿ ಹೇಳಿದಾಗ ಮನಸ್ಸಿಗೆ ಹಿತವಾಯಿತು. ಇನ್ನೊಂದು, ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಎಷ್ಟು ಬೇಕೋ ಅಷ್ಟೇ ಬಿಗಿಯಲು ಬರುವ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದರು. ಗಾಳಿ ಗನ್ನಿನಲ್ಲಿ ಕಿವಿ ಕಿತ್ತು ಹೋಗುವ ಹಾಗೆ ಬಿಗಿದು ಕಳಿಸಿದರೆ ದಾರಿಯಲ್ಲಿ ಪಂಕ್ಚರಾದಾಗ ನಮ್ಮಂಥವರ ಕೈಯಲ್ಲಿ ಬಿಚ್ಚಲಾಗುವುದಿಲ್ಲ.

ಹೊಸ ಪ್ಯಾಡು ಕೂರಿಸುವ ಕ್ರಮವನ್ನೂ ಹೇಳಿ ಕಳಿಸಿದರು: ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಹತ್ತಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ ತಣಿಸುವುದು, ಮತ್ತೆ ಹಾಗೇ. ಮೊದಲ ಕೆಲವು ದಿನ ಲೋಡು ಹೊತ್ತು ಘಾಟಿ ಇಳಿಯಬೇಡಿ ಎಂದರು. ನಾನು ಆ ವಾರ ಕುಂದಾಪುರದ ಆರ್ಡರನ್ನು ಬಸ್ಸಿಗೆ ಹಾಕಿ ಕಳಿಸಿದೆ. ಯಾರಾದರೂ ಸದ್ದು ನಿಲ್ಲಿಸಲು ಡಿಸ್ಕಿಗೆ ಎಣ್ಣೆಯೋ ತುಕ್ಕು ಬಿಡಿಸುವ ಸ್ಪ್ರೇಯೋ ಹೊಡೆಯಿರಿ ಎಂದರೆ ದಯವಿಟ್ಟು ಕೇಳಬೇಡಿ. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ.

ಮಾಡಿಸಿದ ಮೇಲೆ ಒಂದು ಇಡೀ ಮಳೆಗಾಲ ಓಡಿಸಿದ್ದೇನೆ. ಕೀಂ ಇಲ್ಲ, ಕಟಕಟ ಇಲ್ಲ. ಘಾಟಿ ಇಳಿದು ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡುತ್ತೇನೆ, ಬಿಸಿ ಒಂದೇ ಥರ ಇರುತ್ತದೆ (ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು). ಮಳೆಯಲ್ಲಿ ಹ್ಯಾಂಡ್‌ಬ್ರೇಕು ಎಳೆದು ರಾತ್ರಿಯಿಡೀ ಬಿಟ್ಟರೆ ಹಿಂದಿನ ಲೈನರು ಡ್ರಮ್ಮಿಗೆ ಅಂಟಿಕೊಂಡು ಬೆಳಿಗ್ಗೆ ಟಕ್ ಎಂದು ಬಿಡುತ್ತದೆ ಎಂದಿದ್ದರು. ಮನೆಯ ಅಂಗಳ ಸಮತಟ್ಟಾಗಿರುವುದರಿಂದ ಈಗ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ, ಆ ಸದ್ದೂ ಇಲ್ಲ.

ಇನ್ನು ಒಂದು ಸ್ಟಾರ್ ಕಡಿಮೆ ಮಾಡಿದ್ದು. ಹೆಂಗಸರು ಬಳಸುವಂಥ ಶೌಚಾಲಯ ಅಲ್ಲಿಲ್ಲ. ಕೆಲಸ ಅರ್ಧ ದಿನ ಹಿಡಿಯುತ್ತದೆ, ಕೂರಲು ಇರುವುದು ಒಂದು ಬೆಂಚು, ಮಧ್ಯಾಹ್ನ ಅದಕ್ಕೂ ಬಿಸಿಲು. ಹೆಂಗಸರನ್ನು ಅವರು ಚೆನ್ನಾಗಿ ಮಾತಾಡಿಸುತ್ತಾರೆ. ನಮ್ಮ ಮನೆಯವರು ಜೊತೆಗೆ ಬಂದಿದ್ದರೂ ಗಾಡಿ ಓಡಿಸುವವಳು ನಾನು ಎಂದು ತಿಳಿದ ಮೇಲೆ ಎಲ್ಲ ಮಾತನ್ನೂ ನನ್ನ ಜೊತೆಯೇ ಆಡಿದರು. ಅಂಥ ಜಾಗಕ್ಕೆ ಇದೊಂದು ಕೊರತೆ ಇರಬಾರದು. ಮೇಸ್ತ್ರಿಗೆ ನೇರವಾಗಿ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ, ಓದಿ ಸರಿ ಮಾಡಲಿ ಎಂದು. ಬಿಲ್ಲು ಕೈಬರಹದ್ದು. ನನಗೆ ಅಷ್ಟು ಸಾಕು, ಕಂಪನಿ ಗಾಡಿಯವರಿಗೆ ಸಾಲದಿರಬಹುದು. ಫೋನಿನಲ್ಲಿ ಖರ್ಚು ಎಷ್ಟಾಗುತ್ತದೆ ಎಂದು ಕೇಳಿದರೆ ಹೇಳುವುದಿಲ್ಲ, ನೋಡದೆ ಹೇಗೆ ಹೇಳಲಿ ಎನ್ನುತ್ತಾರೆ. ಅದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ.

ಹೋಗುವವರು ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ, ಶುಕ್ರವಾರ ಮಧ್ಯಾಹ್ನ ಬಿಟ್ಟು. ಡಿಕ್ಕಿ ಖಾಲಿ ಮಾಡಿಕೊಂಡು ಹೋದರೆ ಟ್ರಯಲ್ಲಿಗೆ ಅನುಕೂಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಪಿನ್ನು ಮತ್ತು ಡ್ರಮ್ಮು ಸ್ವಚ್ಛ ಮಾಡಿಸಲು ಮಾತ್ರ ಬಂದಿದ್ದೇನೆ ಎಂದರೆ ₹300 ತೆಗೆದುಕೊಳ್ಳುತ್ತಾರೆ. ಜೂನ್ ಮೊದಲ ವಾರ ಬಂದರೆ ಗಾಡಿಗಳ ಸಾಲು ರಸ್ತೆವರೆಗೆ ಇರುತ್ತದೆ.